ಕುದುರೆ ಹಿಡಿಯೋರು ಬೇಕಾಗಿದ್ದಾರೆ

ಕುದುರೆ ಸಾಕಿದ ಮೇಲೆ ನಮ್ಮನೇಲಿ ಟಿ.ವಿ. ಹಾಕೋದೇ ಅಪರೂಪವಾಗಿದೆ. ಬೆಳಿಗ್ಗೆ ಎದ್ದು ಕೊಟ್ಟಿಗೆ ಬಾಗಿಲು ತೆಗೆದರೆ ಸಾಕು, ಸಾಯಂಕಾಲದೊಳಗೆ ನಗೋದಕ್ಕೆ ಏನಾದರೊಂದು ಸಿಕ್ಕೇ ಸಿಗುತ್ತೆ. ನಗೋರು ಊರವರು, ಅಷ್ಟೇ ವ್ಯತ್ಯಾಸ.

ನಾನು ಖಾಸಗಿ ಬಸ್ಸಿನ ಕಂಡಕ್ಟರ್. ಮದ್ದೂರು, ಮಳವಳ್ಳಿ, ಶನಿವಾರವಾದರೆ ಮುತ್ತತ್ತಿ. ಮನೆ ಬೆಸಗರಹಳ್ಳಿಯಲ್ಲಿ. ಒಂದಿಷ್ಟು ಕಬ್ಬು, ಎರಡು ಸೀಮೆಹಸು, ಅದರ ಜೊತೆಗೆ ಈ ಕುದುರೆ. ಮಳವಳ್ಳಿಯ ನನ್ನ ಸೋದರಮಾವ ಮದುವೆ ಮೆರವಣಿಗೆಗೆ ಅಂತ ಒಂದು ಹೆಣ್ಣುಕುದುರೆ ಇಟ್ಟಿದ್ದರು. ಕೈಲಾಗೋದಿಲ್ಲ ಅಂತ ಕಸುಬು ಬಿಟ್ಟಾಗ ತಾಯಿಕುದುರೇನ ಯಾರಿಗೋ ಕೊಟ್ಟು, ಮರೀನ ನನ್ನ ಕೈಗೆ ಹಗ್ಗದ ಸಮೇತ ಕೊಟ್ಟುಬಿಟ್ಟರು. ಕೆಂಚು ಬಣ್ಣ, ಹಣೆ ಮೇಲೆ ಬಿಳಿ ಬೊಟ್ಟು. ಕೆಂಚಿ ಅಂತ ಹೆಸರಿಟ್ಟೆ. ಈಗ ಎರಡು ವರ್ಷ ತುಂಬಿದೆ.

ನನ್ನ ಹೆಂಡತಿಗೆ ಮಾತ್ರ ಮೊದಲ ದಿನದಿಂದಲೂ ಒಂದೇ ಪ್ರಶ್ನೆ. "ಹಾಲ್ ಕೊಡಾಕಿಲ್ಲ, ಉಳಾಕಿಲ್ಲ. ಎರಡು ಹಸೀನ ಮೇವ ಇದೊಂದೇ ತಿಂತದೆ. ಇದ್ಯಾಕ್ ಬೇಕಿತ್ತು ನಮ್ಗೆ?"

ಸಾಯಂಕಾಲ ಡ್ಯೂಟಿ ಮುಗಿಸಿ ಬಂದಾಗ ಕೊಟ್ಟಿಗೆ ಒಳಗಿಂದ ಒಂದು ಸಲ ಕೆನೆಯುತ್ತಲ್ಲ, ಅದಕ್ಕೆ ಬೇಕಿತ್ತು. ಹಾಗಂತ ಹೆಂಡತಿ ಮುಂದೆ ಹೇಳೋಕಾಗುತ್ತಾ?

ಯಾರ ಕೈಲಿ ಯಾರು

ಹಸುವಿಗೆ ಇಂಜೆಕ್ಷನ್ ಕೊಡೋದಕ್ಕೆ ಬಂದ ಪಶು ಆಸ್ಪತ್ರೆ ಡಾಕ್ಟರಮ್ಮ ಕೆಂಚೀನ ಸುತ್ತ ಒಂದು ಸಲ ನೋಡಿದರು. ಮಂಡ್ಯದಲ್ಲಿ ಜಾನುವಾರು ಪ್ರದರ್ಶನ ಇದೆ, ಈ ಸಲ ಎಳೆ ಕುದುರೆಗಳಿಗೂ ಬಹುಮಾನ ಇಟ್ಟಿದ್ದಾರೆ ಅಂದರು. "ಸವಾರಿ ಮಾಡೋ ಹಾಗಿಲ್ಲ. ಹಗ್ಗ ಹಿಡಿದು ನಡೆಸಬೇಕು, ಪಕ್ಕದಲ್ಲೇ ಓಡಬೇಕು, ತೀರ್ಪುಗಾರರ ಮುಂದೆ ನಿಲ್ಲಿಸಿ ತೋರಿಸಬೇಕು. ಅಷ್ಟೇ."

ಅವರು ಆ ಕಡೆ ಹೋಗುತ್ತಲೇ ಹೆಂಡತಿ ಷರತ್ತು ಹಾಕಿದಳು. "ತಿಳ್ದೋರು ಒಬ್ರಾದ್ರೂ ಇದು ಒಳ್ಳೆ ಕುದ್ರೆ ಅನ್ಲಿ, ಇಟ್ಕಳನ. ಇಲ್ದಿದ್ರೆ ಯಾರ್ಗಾದ್ರೂ ಕೊಟ್ಬುಡಿ."

ನಾನು ಯೋಚನೆ ಮಾಡಿ ಒಪ್ಪಿಕೊಂಡೆ. ಒಪ್ಪದೇ ಇದ್ದಿದ್ದರೂ ಅದೇ ಆಗ್ತಿತ್ತು.

ಮಾರನೇ ದಿನ ನಾನೇ ಹಗ್ಗ ಹಿಡಿದು ಹೊರಟೆ. ನಡೆಯೋ ತನಕ ಏನೂ ತೊಂದರೆ ಇರಲಿಲ್ಲ. ಓಡೋ ಹೊತ್ತಿಗೆ ತೊಂದರೆ ಶುರುವಾಯ್ತು. ಬಸ್ಸಿನಲ್ಲಿ ನಿಂತೂ ನಿಂತೂ ನನ್ನ ಎರಡೂ ಮಂಡಿ ಸವೆದಿವೆ. ಕೆಂಚಿ ಓಡಿದಳು, ನಾನು ತೇಲಿದೆ. ಹುಣಸೆಮರದವರೆಗೆ ನನ್ನನ್ನ ಎಳೆದುಕೊಂಡು ಹೋಗಿ, ಅಲ್ಲಿಂದ ವಾಪಸು ತಂದು ಮನೆ ಮುಂದೆ ನಿಲ್ಲಿಸಿದಳು.

ಎದುರುಮನೆ ಅಜ್ಜಿ ಜಗಲಿ ಮೇಲೆ ಅವರೆಕಾಯಿ ಬಿಡಿಸ್ತಾ ಕೂತಿದ್ದರು. ನನ್ನ ಹೆಂಡತೀನ ಕೇಳಿದರು: "ಅಲ್ಲ ಕಣಮ್ಮಿ, ನಿನ್ ಗಂಡ ಕುದ್ರೆ ಇಡ್ಕಂಡವ್ನೋ, ಕುದ್ರೆ ನಿನ್ ಗಂಡುನ್ನ ಇಡ್ಕಂಡದೋ?"

ನನ್ನ ಹೆಂಡತಿ ಅಂದಳು: "ಗೊತ್ತಿಲ್ಲ ಕಣಜ್ಜಿ. ಇರು, ಯಾರು ಬುಟ್ರೆ ಯಾರು ಬೀಳ್ತಾರೆ ನೋಡನ."

ಸ್ಟೇರಿಂಗು

ಬೇರೆಯವರನ್ನ ಹುಡುಕೋದೇ ಸರಿ ಅಂತ ತೀರ್ಮಾನ ಮಾಡಿದೆ. ಕಂಡಕ್ಟರ್ ಆದವನಿಗೆ ಜನ ಹುಡುಕೋದೇನು ಕಷ್ಟ? ಬಸ್ಸಿನಲ್ಲಿ ಟಿಕೆಟ್ ಹರೀತಾ ಹರೀತಾ ಹೇಳಿದೆ. ಮೂರು ತಾಲ್ಲೂಕಿಗೆ ಸುದ್ದಿ ಹರಡಿತು.

ಮೊದಲು ಬಂದವರು ಮಳವಳ್ಳಿ ಕಡೆಯ ಯಜಮಾನರು. ಹಳ್ಳಿಕಾರ್ ಎತ್ತು ಹಿಡಿಯೋದರಲ್ಲಿ ಎತ್ತಿದ ಕೈ. ಅವರು ಜೋಡಿ ಹಿಡಿದು ನಿಂತರೆ ಎತ್ತು ಬಿಟ್ಟು ಅವರನ್ನೇ ನೋಡಬೇಕು ಅನ್ನಿಸುತ್ತೆ, ಅಂಥ ಠೀವಿ. ಬಂದವರೇ ಕೆಂಚಿಯ ಮೈ ಸವರಿದರು, ಬೆನ್ನು ತಟ್ಟಿದರು. ಅಭ್ಯಾಸಬಲಕ್ಕೆ ಕೈ ತಲೆ ಮೇಲೆ ಹೋಯ್ತು. ಅಲ್ಲಿ ಕೊಂಬಿಲ್ಲ. ಸ್ವಲ್ಪ ಹೊತ್ತು ಗಾಳಿಯಲ್ಲೇ ಕೈ ನಿಂತಿತ್ತು.

"ಮೂಗುದಾರ ಎಲ್ಲಪ್ಪ?" ಅಂತ ಕೇಳಿದರು.

"ಕುದುರೆಗೆ ಮೂಗುದಾರ ಹಾಕಲ್ಲ ಯಜಮಾನ್ರೇ. ಮುಖಕ್ಕೆ ಈ ಚರ್ಮದ ಪಟ್ಟಿ ಅದೆಯಲ್ಲ, ಇದಕ್ಕೇ ಹಗ್ಗ."

ಅವರಿಗೆ ಸಮಾಧಾನವಾಗಲಿಲ್ಲ. ಆದರೂ ಹಗ್ಗ ಹಿಡಿದು "ಹೋ, ಬಾ" ಅಂದರು. ಕೆಂಚಿ ಬರಲಿಲ್ಲ. ಎತ್ತು ಬರದಿದ್ದರೆ ಏನು ಮಾಡ್ತಾರೋ ಅದನ್ನೇ ಮಾಡಿದರು. ಹಿಂದೆ ಹೋಗಿ ಬಾಲ ತಿರುಚಿದರು.

ಅವರ ಪುಣ್ಯಕ್ಕೆ ಒದೆ ಬಿದ್ದದ್ದು ಪಕ್ಕದಲ್ಲಿದ್ದ ಸಗಣಿ ತುಂಬೋ ಮಂಕರಿಗೆ. ಮಂಕರಿ ಬೇಲಿ ದಾಟಿ ಹೋಯ್ತು. ಯಜಮಾನರು ಗಾಬರಿಯಾಗಲಿಲ್ಲ. ನಿಧಾನಕ್ಕೆ ಹೆಗಲ ಮೇಲಿನ ಟವೆಲ್ ಕೊಡವಿ, ಹಗ್ಗ ತಂದು ನನ್ನ ಕೈಗೆ ಕೊಟ್ಟರು.

"ತಪ್ಪು ತಿಳ್ಕಬೇಡ ಕಣಪ್ಪ. ಜೀವ ಚೆನ್ನಾಗದೆ. ಆದ್ರೆ ಇದು ಸ್ಟೇರಿಂಗೇ ಇಲ್ದಿರೋ ಗಾಡಿ. ಅದ್ರ ಮ್ಯಾಲೆ ಬ್ರೇಕು ಹಿಂದ್ಗಡೆ ಅದೆ."

ಹೆಣ್ಣಿನ ಕಡೆಯವರು

ಆಮೇಲೆ ಮಂಡ್ಯದ ಗುತ್ತಲಿನಿಂದ ಮದುವೆ ಕುದುರೆಯವನನ್ನ ಕರೆಸಿದೆ. ನಮ್ಮ ಸೋದರಮಾವನಿಗೂ ಪರಿಚಯ. ಜರಿ ಪೇಟ, ಮಿಂಚೋ ಕೋಟು, ಕುದುರೆಗೂ ಒಂದು ಕನ್ನಡಿ ಚೂರಿನ ಬಟ್ಟೆ, ಎಲ್ಲ ಬ್ಯಾಗಿನಲ್ಲಿ ಇಟ್ಟುಕೊಂಡೇ ಬಂದ. ನಿಜ ಹೇಳಬೇಕು, ಕೆಂಚಿ ಅವನಿಗೆ ತಕ್ಷಣ ಒಗ್ಗಿಕೊಂಡಳು. ಕಿವಿ ಹತ್ತಿರ ಏನೋ ಪಿಸುಗುಟ್ಟಿದ, ಅವಳು ತಲೆ ತಗ್ಗಿಸಿದಳು. ಇನ್ನೇನು ಗೆದ್ದೆವು ಅಂದುಕೊಂಡೆ.

ನಡೆಸೋದಕ್ಕೆ ಶುರು ಮಾಡಿದ. ನಾಲ್ಕು ಹೆಜ್ಜೆ ಇಟ್ಟ, ನಿಂತ. ಮತ್ತೆ ನಾಲ್ಕು ಹೆಜ್ಜೆ, ಮತ್ತೆ ನಿಂತ.

"ಯಾಕಪ್ಪ ನಿಲ್ತೀಯ?" ಅಂದೆ.

"ಮುಂದ್ಗಡೆ ಡ್ಯಾನ್ಸ್ ಮಾಡೋರಿಗೆ ಜಾಗ ಬೇಕಲ್ವಾ ಸಾ?"

ಇಲ್ಲಿ ಡ್ಯಾನ್ಸ್ ಮಾಡೋರು ಯಾರೂ ಇರೋದಿಲ್ಲ, ತೀರ್ಪುಗಾರರು ಒಬ್ಬರೇ ಇರ್ತಾರೆ ಅಂತ ಬಿಡಿಸಿ ಹೇಳಿದೆ. ತಲೆ ಆಡಿಸಿದ. ಆದರೆ ಕಾಲು ಕೇಳಬೇಕಲ್ಲ? ನಾಲ್ಕು ಹೆಜ್ಜೆಗೆ ತಾನೇ ನಿಲ್ಲೋದು. ನಿಂತಾಗಲೆಲ್ಲ ಕೆಂಚಿ ಅವನ ಪೇಟದ ತುದಿ ಅಗಿಯೋದು. ಕೊನೆಗೆ, "ಓಡಪ್ಪ, ಒಂದ್ಸಲ ಓಡಿಸಿ ತೋರಿಸು" ಅಂದೆ.

ಅವನು ಹಗ್ಗ ಹಿಡಿದು ಹಾಗೇ ನಿಂತುಬಿಟ್ಟ. ಮುಖ ಸಪ್ಪಗಾಯ್ತು.

"ಅದೊಂದು ಹೇಳ್ಬೇಡಿ ಸಾ. ಗಂಡನ್ನ ಕೂರಿಸ್ಕಂಡು ಇವತ್ತಿನವರ್ಗೂ ನಾನು ಓಡಿಲ್ಲ. ಓಡಿದ್ರೆ ಹೆಣ್ಣಿನ ಕಡೆಯವ್ರು ಏನ್ ಅನ್ಕಂಡಾರು?"

ಅನುಭವ

ಇದು ಚಿಕ್ಕದು. ಮುತ್ತತ್ತಿಗೆ ಹೋಗೋ ಬಸ್ಸಿನಲ್ಲಿ, ಆಂಜನೇಯನ ದರ್ಶನಕ್ಕೆ ಹೊರಟಿದ್ದ ಒಬ್ಬರು ಸಿಕ್ಕರು. ನನ್ನ ಮಾತು ಕೇಳಿಸಿಕೊಂಡು ತಾವೇ ಹೇಳಿದರು: "ಕುದ್ರೆನಾ? ನನ್ ಅರ್ಧ ಜೀವ್ನ ಕುದ್ರೇಲೇ ಹೋಯ್ತು ಕಣ್ರೀ. ಯಾವ್ ತಳಿ, ಯಾವ್ ತಾಯಿ, ಮಣ್ಣು ಹಸಿ ಇದ್ರೆ ಹೆಂಗ್ ಓಡ್ತದೆ, ಎಲ್ಲಾ ಬಾಯಲ್ಲೇ ಅದೆ." ಅವರು ಅಷ್ಟು ಹೇಳಿದ ಮೇಲೆ ನಾನು ಕಿಟಕಿ ಪಕ್ಕದ ಸೀಟು ಕೊಡಿಸಿದೆ.

ಭಾನುವಾರ ಇಸ್ತ್ರಿ ಅಂಗಿ ಹಾಕಿಕೊಂಡು ಮನೆಗೆ ಬಂದರು. ಹೆಂಡತಿ ಕಾಫಿ ಕೊಟ್ಟಳು. ನಾನು ಕೆಂಚೀನ ಕರೆತಂದು ಮುಂದೆ ನಿಲ್ಲಿಸಿದೆ. ಅವರು ಕುರ್ಚಿ ಸಮೇತ ಹಿಂದಕ್ಕೆ ಸರಿದರು. ಇನ್ನೊಂದು ಸಲ ಸರಿದರು. ಗೋಡೆ ಸಿಕ್ಕಿತು.

"ನೀವು ಕುದುರೆ ಜೊತೆ ಎಲ್ಲಿ ಕೆಲಸ ಮಾಡಿದ್ದು ಸ್ವಾಮಿ?" ಅಂತ ಕೇಳಿದೆ.

"ಕೆಲಸ ಅಲ್ಲ ಕಣ್ರೀ, ರೇಸಲ್ಲಿ ದುಡ್ಡು ಕಟ್ತಿದ್ದೆ. ಗ್ಯಾಲರೀಲಿ ಕೂತ್ಕಂಡು." ಅವರ ಕಣ್ಣು ಕೆಂಚಿ ಮೇಲೇ ಇತ್ತು. "ಇಷ್ಟು ದೊಡ್ಡುದಾಗಿರ್ತದೆ ಅಂತ ಇವತ್ತೇ ಗೊತ್ತಾಗಿದ್ದು."

ಹಿಂದೆ ನೋಡಬಾರದು

ಪ್ರದರ್ಶನ ಹತ್ತಿರ ಬಂತು. ಮಳವಳ್ಳಿ ಕಡೆ ಯಾರಿಗೋ ಕುದುರೆ ಬೇಕಂತೆ ಅನ್ನೋ ಸುದ್ದಿ ಹೆಂಡತಿ ಬಾಯಿಂದಲೇ ಎರಡು ಸಲ ಬಂತು.

ಆಗ ಒಪ್ಪಿಕೊಂಡವನು ನನ್ನ ಗೆಳೆಯ. ಮದ್ದೂರಿನ ಸರ್ಕಲ್ಲಿನಲ್ಲಿ ನಿಂತು ಗಾಡಿಗಳಿಗೆ ಕೈ ತೋರಿಸೋ ಹೋಂ ಗಾರ್ಡು. ಉದ್ದ ಆಳು, ಕಡ್ಡಿ ಮೈ, ಮೀಸೆ ಮಾತ್ರ ದಪ್ಪ. ಕುದುರೆ ಬಗ್ಗೆ ಅವನಿಗೆ ಏನೇನೂ ಗೊತ್ತಿಲ್ಲ. ಆದರೆ ಪೆರೇಡು ಗೊತ್ತು. ಹೇಳಿದ್ದನ್ನ ಹೇಳಿದ ಹಾಗೆ ಮಾಡೋದು ಗೊತ್ತು.

ಡಾಕ್ಟರಮ್ಮನೇ ಅವನಿಗೆ ಪಾಠ ಹೇಳಿಕೊಟ್ಟರು. "ಕುದುರೆ ಭುಜದ ಪಕ್ಕ ಇರಿ. ಯಾವ ಕಾರಣಕ್ಕೂ ತಿರುಗಿ ಅದರ ಮುಖ ನೋಡಬೇಡಿ. ನೋಡಿದರೆ ನಿಂತುಬಿಡುತ್ತೆ. ಮುಂದೆ ನೋಡ್ತಾ ನೀವು ಹೋಗ್ತಾ ಇದ್ದರೆ ಅದೂ ಬರುತ್ತೆ."

"ಯಸ್ ಮೇಡಂ. ಹಿಂದೆ ನೋಡಬಾರದು" ಅಂದ.

ಒಂದು ವಾರ ಕಾಲುವೆ ಏರಿ ಮೇಲೆ ಅಭ್ಯಾಸ ಮಾಡಿಸಿದ. ಹಗ್ಗ ಸ್ವಲ್ಪ ಜಗ್ಗುತ್ತಾಳೆ ಅನ್ನೋದು ಬಿಟ್ಟರೆ ಕೆಂಚಿ ಚೆನ್ನಾಗಿಯೇ ಹೋಗ್ತಿದ್ದಳು.

ಪ್ರದರ್ಶನದ ದಿನ ಅವನು ಯೂನಿಫಾರಂ ಹಾಕಿಕೊಂಡೇ ಬಂದ. ಬೂಟಿನ ಜೊತೆಗೆ ಕೆಂಚಿಯ ಮುಖದ ಪಟ್ಟಿಗೂ ಪಾಲಿಷ್ ಹಾಕಿದ್ದ. ಬಿಗಿಯಾದರೆ ಪಾಪ ನೋವಾಗುತ್ತೆ ಅಂತ ಬಕ್ಕಲನ್ನ ಒಂದು ತೂತು ಸಡಿಲ ಮಾಡಿದ್ದ. ಅದು ನಮಗೆ ಆಮೇಲೆ ಗೊತ್ತಾಗಿದ್ದು.

ಮೈದಾನದ ನಡುವೆ ತೀರ್ಪುಗಾರರು, ಮಿಲಿಟರಿಯಲ್ಲಿ ಕುದುರೆ ಡಾಕ್ಟರಾಗಿ ನಿವೃತ್ತರಾದ ಹಿರಿಯರು. ಕೊರಳಲ್ಲಿ ಸನ್ಮಾನದ ಚೆಂಡು ಹೂವಿನ ಹಾರ. "ನಡೆಸಿ" ಅಂದರು. ಗೆಳೆಯ ನಡೆಸಿದ. ಚೆನ್ನಾಗಿತ್ತು. "ಒಂದು ಸುತ್ತು ಓಡಿಸಿ" ಅಂದರು.

ಗೆಳೆಯ ಎದೆ ಸೆಟೆಸಿ, ಗದ್ದ ಎತ್ತಿ, ಮುಂದೆ ನೋಡ್ತಾ ಓಟ ಶುರು ಮಾಡಿದ. ಕೆಂಚಿಯ ಕಣ್ಣಿಗೆ ಹಾರ ಬಿತ್ತು. ಅಲ್ಲೇ ನಿಂತು ಒಂದು ಸಲ ತಲೆ ಕೊಡವಿದಳು. ಪಾಲಿಷ್ ಹಾಕಿದ ಪಟ್ಟಿ ಕಿವಿ ದಾಟಿ ನುಣ್ಣಗೆ ಜಾರಿ ಹೋಯ್ತು. ಅವಳು ಸೀದಾ ತೀರ್ಪುಗಾರರ ಹತ್ತಿರ ಹೋಗಿ ಹೂವಿಗೆ ಬಾಯಿ ಹಾಕಿದಳು.

ಗೆಳೆಯ ಖಾಲಿ ಪಟ್ಟಿ ಎಳೆದುಕೊಂಡು ಓಡ್ತಾನೇ ಇದ್ದ. ಜನ ಎದ್ದು ನಿಂತು "ಕುದ್ರೆ! ಕುದ್ರೆ!" ಅಂತ ಕೂಗಿದರು. ನಾನೂ "ಲೇ, ಹಿಂದೆ ನೋಡ್ಲಾ!" ಅಂತ ಕಿರುಚಿದೆ. ಅವನು ಚಪ್ಪಾಳೆ ಅಂದುಕೊಂಡು ಗದ್ದವನ್ನ ಇನ್ನೂ ಒಂದಿಷ್ಟು ಮೇಲೆತ್ತಿದ.

ಆಗಿದ್ದು ಆಗಲಿ ಅಂತ ನಾನೂ ನನ್ನ ಹೆಂಡತಿಯೂ ಕೆಂಚಿಯ ಹತ್ತಿರ ಓಡಿದೆವು. ನಾನು ಕುಂಟಿದೆ ಅನ್ನಬೇಕು. ತೀರ್ಪುಗಾರರು ಬೈಯಲಿಲ್ಲ. ಹಾರ ತೆಗೆದು ಅವಳಿಗೇ ಕೊಟ್ಟು, ಕಾಲು ಎತ್ತಿಸಿ ನೋಡಿದರು, ತುಟಿ ಬಿಡಿಸಿ ಹಲ್ಲು ನೋಡಿದರು. ಕಟ್ಟಿಲ್ಲ, ಹಿಡಿದಿಲ್ಲ, ಅಷ್ಟು ಜನ ಕೂಗ್ತಿದ್ದರೂ ಅವಳು ಹೂವು ಅಗಿಯುತ್ತ ತಣ್ಣಗೆ ನಿಂತಿದ್ದಳು. ಅವರು ನನ್ನ ಹೆಂಡತಿ ಕಡೆ ತಿರುಗಿ, "ಈ ವಯಸ್ಸಿಗೆ ಇಷ್ಟು ಒಳ್ಳೆ ಸ್ವಭಾವ ಬರೋದು ಮನೆಯವರು ಚೆನ್ನಾಗಿ ನೋಡಿಕೊಂಡಿದ್ದರೆ ಮಾತ್ರ ಕಣಮ್ಮ. ಒಳ್ಳೆ ಕುದುರೆ ಇದು" ಅಂದರು.

ನನ್ನ ಹೆಂಡತಿ ಸೆರಗು ಸರಿ ಮಾಡಿಕೊಂಡು, "ನಮ್ಮನೇಲಿ ಅದಕ್ಕೆ ಏನೂ ಕಮ್ಮಿ ಮಾಡಿಲ್ಲ ಸಾ" ಅಂದಳು. ನಾನು ಅವಳ ಮುಖ ನೋಡಿದೆ. ಅವಳು ನನ್ನ ಮುಖ ನೋಡಲಿಲ್ಲ. ಎರಡನೇ ಬಹುಮಾನ ಬಂದದ್ದು ಆಮೇಲೆ. ನನಗೆ ಆಗಬೇಕಾದ್ದು ಅಲ್ಲೇ ಆಗಿಹೋಗಿತ್ತು.

ಅಷ್ಟು ಹೊತ್ತಿಗೆ ಗೆಳೆಯ ಇಡೀ ಸುತ್ತು ಮುಗಿಸಿ ಬಂದ. ಬೂಟು ಕುಟ್ಟಿ ನಿಂತು ಸೆಲ್ಯೂಟ್ ಹೊಡೆದ. ಎದುರಿಗೆ ತೀರ್ಪುಗಾರರ ಪಕ್ಕದಲ್ಲಿ ಕೆಂಚಿ ನಿಂತಿದ್ದನ್ನ ಕಂಡ. ಕೈಯಲ್ಲಿದ್ದ ಪಟ್ಟಿ ನೋಡಿಕೊಂಡ. ಮತ್ತೆ ಕೆಂಚೀನ ನೋಡಿದ.

"ಅದಕ್ಕೇ ಅನ್ಕಂಡೆ ಸಾ, ಇವತ್ತು ಜಗ್ಗಲೇ ಇಲ್ವಲ್ಲ ಅಂತ" ಅಂದ.

ತೀರ್ಪುಗಾರರು ನಗಲಿಲ್ಲ. ಗಂಭೀರವಾಗಿ ಹೇಳಿದರು: "ಪರವಾಗಿಲ್ಲ. ಕಾಲು ನೇರ ಬೀಳುತ್ತೆ, ತಲೆ ಚೆನ್ನಾಗಿ ಎತ್ತಿದೀರಿ, ಉಸಿರೂ ಗಟ್ಟಿ ಇದೆ. ಓಟದ ಅಂಕ ನಿಮಗೇ ಹಾಕಿದೀನಿ."

ಗೆಳೆಯ ಇನ್ನೊಂದು ಸಲ ಸೆಲ್ಯೂಟ್ ಹೊಡೆದ. ಹೇಳಿದ್ದನ್ನ ಹೇಳಿದ ಹಾಗೆ ಮಾಡೋ ಮನುಷ್ಯ. ಮೀಸೆ ಒಂದು ಪಕ್ಕಕ್ಕೆ ಸರಿಸಿ ಕೇಳಿದ:

"ಹಲ್ಲೂ ತೋರಿಸ್ಬೇಕಾ ಸಾ?"