ಅಪ್ಪಟ ಕೆಂಪು

ಎಲ್ಲಾ ಶುರುವಾದದ್ದು ಹೆಂಡತಿಯ ತಮ್ಮನ ಉದ್ದ ನಾಲಿಗೆಯಿಂದ. "ನಮ್ಮ ಭಾವಂದು ಹದ್ದಿನ ಕಣ್ಣು ಸಾರ್" ಎಂದು ಗಾಳದ ಅಂಗಡಿಯ ಯಜಮಾನರ ಮುಂದೆ ಅವನು ಬಿಟ್ಟ ಒಂದೇ ಮಾತಿಗೆ ಭಾವನಿಗೆ ಕೆಲಸ ಸಿಕ್ಕಿತು. ಜೊತೆಗೆ 'ಹದ್ದು' ಎಂಬ ಅಡ್ಡಹೆಸರೂ ಅಂಟಿಕೊಂಡಿತು.

ಹದ್ದಿಗೆ ಕೆಂಪು ಯಾವುದು, ಹಸಿರು ಯಾವುದು ಎಂದು ಗೊತ್ತಾಗುತ್ತಿರಲಿಲ್ಲ. ಎರಡೂ ಅವನ ಕಣ್ಣಿಗೆ ಹಳೇ ಗೋಣಿಚೀಲದ ಬಣ್ಣ. ಹಣ್ಣು ಟೊಮೆಟೊ ತಾ ಎಂದರೆ ಚೀಲದ ತುಂಬ ಕಾಯಿ ತರುತ್ತಿದ್ದ. ಹಿಂದೆ ದಾರದ ಅಂಗಡಿಯ ಕೆಲಸ ಹೋದದ್ದೂ ಇದರಿಂದಲೇ. ಗುಟ್ಟು ಬಲ್ಲವಳು ಹೆಂಡತಿ ಒಬ್ಬಳೇ.

ಈ ಅಂಗಡಿಯ ಮುಖ್ಯ ವ್ಯಾಪಾರವೋ, ಮೀನನ್ನು ಮರುಳು ಮಾಡಲು ಗಾಳಕ್ಕೆ ಕಟ್ಟುವ ಬಣ್ಣಬಣ್ಣದ ಪ್ಲಾಸ್ಟಿಕ್ ಮರಿಮೀನುಗಳದ್ದು. ಪಾಪ, ಹೆಂಡತಿ ಗಿರಾಕಿಯ ಹಾಗೆ ಬಂದು ನೋಡಿಕೊಂಡು ಹೋಗಿ, ಮನೆಯಲ್ಲಿ ಪಾಠ ಮಾಡಿದ್ದಳು. "ರೀ, ಎಡಗಡೆ ಡಬ್ಬಿ ಕೆಂಪು. ಉಣ್ಣೋ ಕೈ ಕಡೆಯದು ಹಸಿರು. ಇದೂ ಹೋದ್ರೆ ತಮ್ಮನಿಗೆ ನಾನು ಹೇಗ್ರೀ ಮುಖ ತೋರ್ಸ್ಲಿ?"

ಆ ದಿನ ಯಜಮಾನರು ಸರಕು ತರಲು ಹೊರಟಿದ್ದರು. "ಇಷ್ಟು ದಿನ ಬಣ್ಣದ ಉಸಾಬರಿಯೆಲ್ಲ ನಮ್ಮನೆಯವಳೇ ನೋಡ್ಕೊಳ್ತಿದ್ಲು. ಅವಳು ಮಗಳ ಹೆರಿಗೆಗೆ ಹೋಗಿದಾಳೆ. ನಿನ್ನ ನಂಬಿದೀನಪ್ಪ ಹದ್ದು. ಬಣ್ಣ ತಪ್ಪಿಸೋನು ನನ್ನ ಅಂಗಡೀಲಿ ಒಂದು ದಿನ ಇರಕೂಡದು!"

ಅವರು ಹೋದದ್ದೇ ತಡ, ಪಕ್ಕದ ಕಟಿಂಗ್ ಶಾಪಿನವನು ಪೊರಕೆ ಕೇಳಿಕೊಂಡು ಬಂದ. ಅವನ ಕತ್ತರಿಯಾದರೂ ಆಗಾಗ ನಿಲ್ಲುತ್ತಿತ್ತು, ನಾಲಿಗೆ ನಿಲ್ಲುತ್ತಿರಲಿಲ್ಲ. ಮಾತಾಡುತ್ತಲೇ ಪೊರಕೆಯನ್ನು ಬಂದೂಕಿನ ಹಾಗೆ ಹೆಗಲಿಗೇರಿಸಿ ಗಿರ್ರನೆ ತಿರುಗಿದ. ಹಿಡಿ ತಾಗಿ ಎರಡೂ ಡಬ್ಬಿ ನೆಲಕ್ಕೆ!

"ಅಯ್ಯಯ್ಯೋ! ಕೆಂಪು ಹಸಿರು ತಾನೆ, ನಿಮಗೆ ಒಂದು ಗಳಿಗೆ ಕೆಲಸ. ನಾನೇ ಆರಿಸಿ ಕೊಡ್ತಿದ್ದೆ, ಅಲ್ಲೊಬ್ಬರಿಗೆ ಅರ್ಧ ಗಡ್ಡ ಬಿಟ್ಟು ಬಂದಿದೀನಿ" ಎನ್ನುತ್ತ ಅವನು ಮಾಯವಾದ.

ಹದ್ದು ಮರಿಮೀನುಗಳ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಅಷ್ಟೂ ಗೋಣಿಚೀಲ. ಅಷ್ಟರಲ್ಲಿ ಮೇಷ್ಟ್ರು ಬಂದರು.

"ಕೆಂಪು ಕೊಡಯ್ಯ. ಕೆರೆ ನೀರು ರಾಡಿಯಾಗಿದೆ, ರಾಡಿಗೆ ಕೆಂಪೇ ಸರಿ."

ಹದ್ದಿನ ಬಾಯಿಗೆ ಅದೆಲ್ಲಿಂದ ಬಂತೋ, "ಮೇಷ್ಟ್ರೇ, ಒಳ್ಳೇ ಕೆಂಪು ಯಾವುದು ಅಂತ ನೀವೇ ಆರಿಸಿ ನೋಡೋಣ" ಎಂದುಬಿಟ್ಟ.

"ನನಗೇ ಪರೀಕ್ಷೆಯೇನಯ್ಯಾ?" ಎನ್ನುತ್ತ ಮೇಷ್ಟ್ರು ಖುಷಿಯಿಂದ ನೆಲಕ್ಕೆ ಕೂತರು. ಹಿಂದೆಯೇ ಬಂದ ಬಸ್ ಕಂಡಕ್ಟರ್ ಸುಮ್ಮನಿರಲಿಲ್ಲ.

"ರಾಡಿಗೆ ಕೆಂಪಾ? ನೀರಲ್ಲಿ ಕೆಂಪು ಕಪ್ಪಾಗಿ ಹೋಗುತ್ತೆ ಮೇಷ್ಟ್ರೇ! ಹಸಿರು ಹಾಕಿ."

"ನೀನು ಟಿಕೆಟ್ ಹರಿ, ಸಾಕು."

"ನೀವು ಹಿಡಿದ ಮೀನು ಎಲ್ಲಿ, ತೋರಿಸಿ?"

ಬೈದಾಡುತ್ತಲೇ ಇಬ್ಬರೂ ತಮ್ಮ ತಮ್ಮ ಪಕ್ಷದ ಮೀನುಗಳನ್ನು ಹೆಕ್ಕಿ, ಕೈಗೆ ಸಿಕ್ಕ ಡಬ್ಬಿಗೆ ತುಂಬಿದರು. ಒಬ್ಬರು ಕೆಂಪು, ಒಬ್ಬರು ಹಸಿರು ಕೊಂಡು ಹೋದರು. ಹದ್ದು ನಿಟ್ಟುಸಿರು ಬಿಟ್ಟ. ಮೇಷ್ಟ್ರು ಬಲಗಡೆಯ ಡಬ್ಬಿಗೆ ಕೆಂಪು ಸುರಿದದ್ದು ಅವನಿಗೆ ಹೇಗೆ ಗೊತ್ತಾಗಬೇಕು?

ಗೊತ್ತಾದದ್ದು ಟೈಲರ್ ಅಕ್ಕ ಬಂದಾಗ. ಅವಳು ಕೆಂಪು ಕೇಳಿದಳು. ಅವನು ಧೈರ್ಯವಾಗಿ ಎಡಗಡೆಯ ಡಬ್ಬಿಗೆ ಕೈ ಹಾಕಿದ.

"ಅಣ್ಣಾ, ಇದು ಹಸಿರು."

ಹಗಲಿಡೀ ದಾರದ ಬಣ್ಣ ನೋಡುವವಳ ಮುಂದೆ ವಾದ ನಡೆಯುತ್ತದೆಯೇ? "ಗೊತ್ತಕ್ಕಾ, ಬೇಕಂತಲೇ ಕೊಟ್ಟೆ. ಎಲ್ಲರೂ ಕೆಂಪೇ ಬಿಟ್ರೆ ಮೀನಿಗೂ ಬೇಜಾರಾಗಲ್ವಾ?"

ಅಕ್ಕ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿ, ಅದನ್ನೇ ತೆಗೆದುಕೊಂಡು ಹೋದಳು.

ಸಂಜೆ ಯಜಮಾನರು ಮೂಟೆ ಹೊತ್ತು ಬಂದರು. ಮುಖ ಬಿಗಿದಿತ್ತು.

"ಹದ್ದು! ಟೈಲರ್ ಅಕ್ಕ ದಾರೀಲಿ ಸಿಕ್ಕಿದ್ಲು. ಕೆಂಪು ಕೇಳಿದ್ರೆ ಹಸಿರು ಕೊಟ್ಟೆಯಂತೆ?"

ಹೆಂಡತಿಯ ಮುಖ ಕಣ್ಣ ಮುಂದೆ ಬಂತು. "ತಪ್ಪಾಯ್ತು ಸಾರ್…"

"ತಪ್ಪಾ? ಬುಟ್ಟಿ ತುಂಬ ಮೀನು ಹಿಡ್ಕೊಂಡು ಬರ್ತಿದಾಳೆ ಕಣಯ್ಯಾ!" ಯಜಮಾನರು ಷಟರ್ ಅರ್ಧ ಎಳೆದು, ದನಿ ತಗ್ಗಿಸಿದರು. "ನಿನ್ನ ಹತ್ರ ಮುಚ್ಚುಮರೆ ಯಾಕೆ? ನಂಗೆ ಕೆಂಪೂ ಹಸಿರೂ ಒಂದೇ ಥರ ಕಾಣುತ್ತೆ. ನಮ್ಮನೆಯವಳೇ ನನ್ನ ಕಣ್ಣಾಗಿದ್ಲು. ಹದ್ದಿನ ಕಣ್ಣು ಅಂದ್ನಲ್ಲ ನಿನ್ನ ಬಾಮೈದ, ಅದಕ್ಕೇ ನಿನ್ನ ಇಟ್ಕೊಂಡೆ. ಇವತ್ತಿಂದ ಬಣ್ಣದ ಜವಾಬ್ದಾರಿಯೆಲ್ಲ ನಿಂದೇ!"

ಮೂಟೆ ಬಿಚ್ಚಿ ಸುರಿದರು. ಹೊಸ ಮರಿಮೀನುಗಳು, ಚೀಟಿಯಿಲ್ಲ, ಗುರುತಿಲ್ಲ, ಮೊಣಕಾಲೆತ್ತರದ ಗೋಣಿಚೀಲದ ಬಣ್ಣದ ಗುಡ್ಡ. ನನಗೂ ಹಾಗೇ ಸಾರ್ ಎನ್ನೋಣವೆಂದರೆ, ಒಂದು ಅಂಗಡಿಗೆ ಅಂಥವರು ಒಬ್ಬರು ಸಾಕು. ಆ ಒಬ್ಬರು ಯಜಮಾನರು.

"ಇದು ಕೆಂಪು ತಾನೆ?" ಯಜಮಾನರು ಒಂದನ್ನು ಎತ್ತಿ ಹಿಡಿದರು.

ಹದ್ದು ಕಣ್ಣು ಕಿರಿದು ಮಾಡಿ, ಅವರ ಕೈಯನ್ನೇ ಬೆಳಕಿಗೆ ತಿರುಗಿಸಿ ನೋಡಿದ. "ಅಪ್ಪಟ ಕೆಂಪು, ಸಾರ್."

ಪೊರಕೆ ಹಿಂತಿರುಗಿಸಲು ಕಟಿಂಗ್ ಶಾಪಿನವನು ಷಟರ್ ಕೆಳಗೆ ಬಗ್ಗಿ ಬಂದದ್ದು ಆಗಲೇ. ಯಜಮಾನರ ಕೈಯಲ್ಲಿದ್ದದ್ದು ಗಿಳಿಯಷ್ಟು ಹಸಿರಾಗಿತ್ತು. ಅವನು ಬಾಯಿ ತೆರೆದ. ನೆಮ್ಮದಿಯಿಂದ ತಲೆಯಾಡಿಸುತ್ತಿದ್ದ ಯಜಮಾನರನ್ನು ನೋಡಿದ, ಬೆವರುತ್ತಿದ್ದ ಹದ್ದನ್ನು ನೋಡಿದ. ಆಮೇಲೆ ಪೊರಕೆಯನ್ನು ಮೆಲ್ಲಗೆ ಗೋಡೆಗೊರಗಿಸಿ, ಹುಟ್ಟಿದ ಮೇಲೆ ಮೊದಲ ಸಲ ಒಂದು ಮಾತೂ ಆಡದೆ ಹೊರಟುಹೋದ.