ಏಳಿ, ಮುಂದಿನ ಅಂಗಡಿಗೆ!

"ಇವತ್ತು ಊಟದ ಜಾಗ ಆರಿಸೋಳು ನಾನು! ಯಾರೂ ಮಧ್ಯೆ ಬಾಯಿ ಹಾಕಕೂಡದು!"

ಭಾನುವಾರ ಬೆಳಿಗ್ಗೆ ಮೋಲ್ದಿರ್ ಹೀಗೆ ಘೋಷಿಸಿದಾಗ, ಸೇನಾಧಿಪತಿಯ ಕೈಯಲ್ಲಿ ಖಡ್ಗವಿರುವಂತೆ ಅವಳ ಕೈಯಲ್ಲಿ ಮಗುವಿನ ಚಮಚವಿತ್ತು. ಗಂಡ ದೌರೆನ್ ಯುದ್ಧಕ್ಕೆ ಮುಂಚೆಯೇ ಶರಣಾದ.

ಈ ಘೋಷಣೆಗೆ ಕಾರಣ ಅತ್ತೆ ಕುಲಾಶ್. ಹಿಂದಿನ ದಿನ ತಮ್ಮೂರು ತರಾಜ್‌ನಿಂದ ಅಲ್ಮಾಟಿಗೆ ಬಂದಿಳಿದವರೇ, ಎರಡು ವರ್ಷದ ಮೊಮ್ಮಗ ಎರಾಸಿಲ್‌ನನ್ನು ಎತ್ತಿ, ಸಂತೆಯಲ್ಲಿ ಕಲ್ಲಂಗಡಿ ಆರಿಸುವವರ ಹಾಗೆ ಕೈಯಲ್ಲೇ ತೂಗಿ ನೋಡಿದ್ದರು.

"ಇದೇನೇ ಇದು, ಮಗುನಾ, ದಿಂಬಿನ ಹತ್ತಿನಾ? ಮೊದಲ ಮೊಮ್ಮಗ ಅಜ್ಜಿ ಮಡಿಲಲ್ಲಿ ಬೆಳೆಯೋದು ನಮ್ಮಲ್ಲಿ ಪದ್ಧತಿ. ದೌರೆನ್ ಬೆಳೆದಿದ್ದೂ ಹಾಗೇ. ಗುರುವಾರದ ರೈಲಿಗೆ ಇವನನ್ನ ಕರ್ಕೊಂಡು ಹೋಗ್ತೀನಿ. ವಸಂತದ ಹೊತ್ತಿಗೆ ಕುದುರೆ ಮಾಡಿ ಕಳಿಸ್ತೀನಿ!"

ದೌರೆನ್ ಇಂಥ ಹೊತ್ತಿನಲ್ಲಿ ಯಾವಾಗಲೂ ಮಾಡುವುದನ್ನೇ ಮಾಡಿದ. ಛಾವಣಿ ನೋಡಿದ.

ಮೋಲ್ದಿರ್‌ಗೆ ರಾತ್ರಿಯೆಲ್ಲ ನಿದ್ದೆಯಿಲ್ಲ. ಮಗು ತಿನ್ನುವುದಿಲ್ಲ ಎನ್ನುವುದೇನೋ ನಿಜ. ಕುದಿಸಿ, ಅರೆದು, ಸೋಸಿ, ಆರಿಸಿ ಅವಳು ಚಮಚ ಹಿಡಿದರೆ ಸಾಕು, ಎರಾಸಿಲ್‌ನ ತುಟಿಗಳು ರಜಾದಿನದ ಬ್ಯಾಂಕಿನ ಬಾಗಿಲಾಗುತ್ತಿದ್ದವು. ಅತ್ತೆಯ ಕಣ್ಣೆದುರಿಗೇ ಅವನು ಒಂದು ಬಟ್ಟಲು ಖಾಲಿ ಮಾಡಬೇಕು. ಅದಕ್ಕೆ ತಕ್ಕ ಜಾಗ ಬೇಕು: ಹೊಗೆ ಇರಬಾರದು, ಖಾರ ಇರಬಾರದು, ಥಂಡಿ ಇರಬಾರದು. ಬಜಾರಿನ ಹಿಂದಿನ ಬೀದಿಯಲ್ಲಿ ಉಯ್ಗುರ್, ದುಂಗನ್, ಕೊರಿಯನ್ ಅಂಗಡಿಗಳು ಹೆಗಲಿಗೆ ಹೆಗಲು ತಾಗಿಸಿ ನಿಂತಿರುವಾಗ, ಅಂಥದೊಂದು ಸಿಗದೆ ಹೋದೀತೇ!

ಮೊದಲು ಉಯ್ಗುರರ ಲಗ್ಮಾನ್ ಅಂಗಡಿ. ಎಲ್ಲರನ್ನೂ ಕೂರಿಸಿ, ಮೋಲ್ದಿರ್ ನೇರ ಅಡುಗೆಮನೆಗೆ ನುಗ್ಗಿದಳು. ಅಲ್ಲೊಬ್ಬ ದಪ್ಪ ಬಾಣಸಿಗ ಹಿಟ್ಟನ್ನು ಎಳೆದೆಳೆದು ಲಗ್ಮಾನ್ ಶ್ಯಾವಿಗೆ ಮಾಡುತ್ತಿದ್ದ.

"ಕೈ ತೊಳ್ಕೊಂಡಿದೀರಾ?"

"ತಪಾಸಣೆಯವರಾ, ತಂಗಿ?"

"ಅಲ್ಲ, ತಾಯಿ!"

"ಅಯ್ಯೋ, ತಪಾಸಣೆಯವರೇ ವಾಸಿ ಆಗಿತ್ತು," ಎಂದು ಆತ ಇನ್ನೊಮ್ಮೆ ಕೈ ತೊಳೆದ. ಅಷ್ಟರಲ್ಲಿ ಬಾಣಲೆಯಿಂದ ಮೆಣಸಿನಕಾಯಿ ಘಾಟು ಎದ್ದಿತು. ಮೋಲ್ದಿರ್ ಸೀನುತ್ತಾ ಹೊರಗೋಡಿ ಬಂದಳು.

"ಏಳಿ, ಏಳಿ! ಮಗು ಶ್ವಾಸಕೋಶ ಏನಾಗಬೇಕು? ಮುಂದಿನ ಅಂಗಡಿಗೆ!"

"ಏಳಿ ಅಂದ್ರೆ?" ಅತ್ತೆ ಅಲುಗಲಿಲ್ಲ. "ಮುಂದೆ ರೊಟ್ಟಿ ಬಂದು ಕೂತಿದೆ. ಬಾಯಿಗೆ ಮುಟ್ಟಿಸದೆ ಎದ್ದರೆ ಅನ್ನಕ್ಕೆ ಅವಮಾನ. ನೀನು ಹೋಗಿ ಮುಂದಿನದನ್ನ ನೋಡ್ಕೋ. ನಾವು ಒಂದು ತುತ್ತು ಮುಟ್ಟಿಸಿ ಬರ್ತೀವಿ."

ಒಳ್ಳೆಯದೇ ಆಯಿತು. ಮೋಲ್ದಿರ್ ಮುಂದೆ ಹೋಗಿ ದುಂಗನರ ಅಂಗಡಿಯ ಶೌಚಾಲಯದಿಂದ ಹಿಡಿದು ಉಪ್ಪಿನ ಡಬ್ಬಿಯವರೆಗೆ ಎಲ್ಲವನ್ನೂ ಪರೀಕ್ಷಿಸಿದಳು. ಎಲ್ಲಾ ಶುಭ್ರ! ಬಹಳ ಹೊತ್ತಿನ ಮೇಲೆ ಬಂದ ಮನೆಯವರನ್ನು ಕೂರಿಸಿದ ಮೇಲೆ ತಿಳಿಯಿತು, ಇಲ್ಲಿನ ವಿಶೇಷ ತಣ್ಣನೆಯ ಹುಳಿಖಾರದ ಸಾರಿನಲ್ಲಿ ಮುಳುಗಿಸಿದ ಶ್ಯಾವಿಗೆಯಂತೆ.

"ತಣ್ಣಗಾ? ಮಗು ಎದೆ ಕಟ್ಟಿದ್ರೆ? ಏಳಿ!"

"ರೊಟ್ಟಿ ಬಂತಲ್ಲೇ," ಎಂದರು ಅತ್ತೆ.

ಕೊರಿಯನ್ ಅಂಗಡಿಯಲ್ಲೂ ಅದೇ ಕತೆ. ಬೆಳ್ಳುಳ್ಳಿ, ವಿನೆಗರ್ ಬೆರೆಸಿದ ಕ್ಯಾರೆಟ್‌ನ ವಾಸನೆಗೆ ಬಾಗಿಲಲ್ಲೇ ಮೋಲ್ದಿರ್‌ಗೆ ತಲೆ ತಿರುಗಿತು. ಮನೆಯವರನ್ನು ಅಲ್ಲೇ ರೊಟ್ಟಿಯ ಮುಂದೆ ಬಿಟ್ಟು, ಅವಳು ಬೀದಿಯ ಕೊನೆಯ ಅಂಗಡಿಯನ್ನು ಪರೀಕ್ಷಿಸಿ ವಾಪಸ್ಸು ಬಂದು ನೋಡುತ್ತಾಳೆ, ಮಗುವಿನ ಬಾಯಿಯ ಸುತ್ತ ಕೆಂಪು!

"ದೌರೆನ್! ಅಲರ್ಜಿ! ಗಲ್ಲ ನೋಡು, ಕೆಂಪಗಾಗಿದೆ!"

ದೌರೆನ್ ಛಾವಣಿ ನೋಡಿದ.

"ಗಾಳಿ ಇರಬೇಕು," ಎನ್ನುತ್ತಾ ಅತ್ತೆ ಸೆರಗಿನಷ್ಟು ಉದ್ದದ ತಲೆವಸ್ತ್ರದ ತುದಿಯಿಂದ ಮೊಮ್ಮಗನ ಗಲ್ಲ ಒರೆಸಿದರು. ಅಲರ್ಜಿ ಪವಾಡದಂತೆ ಮಾಯವಾಯಿತು!

ಆದರೆ ಕೊನೆಯ ಅಂಗಡಿ! ಅದು ಅಂಗಡಿಯಲ್ಲ, ಅಮ್ಮಂದಿರ ಸ್ವರ್ಗ. ಬಿಳಿ ಮೇಜುಬಟ್ಟೆ, ಮಗುವಿಗೆ ಎತ್ತರದ ಕುರ್ಚಿ, ಹೊಗೆಯಿಲ್ಲ, ಘಾಟಿಲ್ಲ. ಹಬೆಯಲ್ಲಿ ಬೆಂದ ಕುಂಬಳಕಾಯಿ ಕಡುಬು, ಇಲ್ಲಿಯವರ ಬಾಯಲ್ಲಿ ಮಾಂತಿ. ಮೋಲ್ದಿರ್ ದಿಗ್ವಿಜಯದ ದನಿಯಲ್ಲಿ ಎಲ್ಲರಿಗೂ ದೊಡ್ಡ ದೊಡ್ಡ ತಟ್ಟೆ ತರಿಸಿದಳು.

ತಟ್ಟೆಗಳು ಬಂದವು. ಓದದೆ ಬಂದ ಹುಡುಗರು ಪ್ರಶ್ನೆಪತ್ರಿಕೆ ನೋಡುವಂತೆ ಗಂಡ, ಅತ್ತೆ ಇಬ್ಬರೂ ಕಡುಬು ನೋಡುತ್ತಾ ಕೂತರು. ದೌರೆನ್ ಮೇಜಿನ ಕೆಳಗೆ ಮೆಲ್ಲಗೆ ಬೆಲ್ಟು ಸಡಿಲಿಸಿದ. ಎರಾಸಿಲ್ ತುಟಿ ಬಿಗಿದ.

"ವ್ರೂಂ... ವಿಮಾನ ಬಂತು, ಚಿನ್ನ! ಕುದುರೆ ಬಂತು, ಟಕ್ ಟಕ್! ಒಂದೇ ಒಂದು, ನನ್ನ ಬಂಗಾರ..."

ಬ್ಯಾಂಕು ತೆರೆಯಲಿಲ್ಲ. ಅತ್ತೆ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಗುರುವಾರದ ರೈಲು ಮೋಲ್ದಿರ್‌ಳ ಎದೆಯ ಮೇಲೇ ಹಾದುಹೋದಂತಾಯಿತು. ಕಣ್ಣು ತುಂಬಿತು. ಆಗ ಎರಾಸಿಲ್ ತಾಯಿಯ ಮುಖಕ್ಕೇ ಒಂದು ತೇಗು ತೇಗಿದ. ತೇಗೆಂದರೆ ಸಾಮಾನ್ಯ ತೇಗಲ್ಲ, ತಿಂದುಂಡ ಯಜಮಾನರ ತೇಗು! ಅದರಲ್ಲಿ ಬೆಳ್ಳುಳ್ಳಿಯಿತ್ತು, ವಿನೆಗರ್ ಇತ್ತು, ಒಣಮೆಣಸಿನಕಾಯಿಯೂ ಇತ್ತು.

"ದೌರೆನ್," ಮೋಲ್ದಿರ್ ಮೆಲ್ಲಗೆ ಕೇಳಿದಳು, "ಇದು ಯಾವ ಅಂಗಡಿ ವಾಸನೆ?"

"ಮೂರೂ ಅಂಗಡಿದು," ದೌರೆನ್ ಛಾವಣಿಗೆ ಹೇಳಿದ. "ಲಗ್ಮಾನ್ ಅರ್ಧ ಬೋಗುಣಿ ತಿಂದ. ಹುಳಿ ಸಾರು ಬಟ್ಟಲು ಎತ್ತಿ ಕುಡಿದ. ಕ್ಯಾರೆಟ್ ತಟ್ಟೆ ನೆಕ್ಕಿದ. ಕಸ್ಕೊಂಡಿದ್ದಕ್ಕೆ ನನ್ನ ಬೆರಳು ಕಚ್ಚಿದ."

"ನನಗ್ಯಾಕೆ ಹೇಳಲಿಲ್ಲ?"

"ಹೇಳೋಕೆ ಬಾಯಿ ಖಾಲಿ ಇರಲಿಲ್ಲ."

"ಹೇಳಿದ್ರೆ ನೀನು ಮಗು ಬಾಯಿಗೆ ಬೆರಳು ಹಾಕಿ ತೆಗೀತಿದ್ದೆ ಕಣೇ," ಎಂದರು ಅತ್ತೆ. ಆಮೇಲೆ ಒಂದು ನಿಟ್ಟುಸಿರು ಬಿಟ್ಟು, "ಇವನನ್ನ ನಾನು ತರಾಜ್‌ಗೆ ಕರ್ಕೊಂಡು ಹೋಗಲ್ಲಪ್ಪ. ಈ ಹೊಟ್ಟೆಗೆ ಬೀದಿ ತುಂಬ ಅಂಗಡಿ ಬೇಕು. ನಾನೊಬ್ಬಳು ಎಲ್ಲಿಂದ ತಂದು ಹಾಕಲಿ?"

ಮೋಲ್ದಿರ್ ಉಸಿರು ಬಿಟ್ಟಳು. ನಿನ್ನೆಯಿಂದ ಹಿಡಿದಿದ್ದ ಉಸಿರದು. ಕೈಚಾಚಿ ಅತ್ತೆಯ ಕೈ ಹಿಡಿಯಲು ಹೋದರೆ, ಅತ್ತೆಯೇ ಅವಳ ಮಣಿಕಟ್ಟು ಹಿಡಿದು, ಮೇಲೆತ್ತಿ, ಕಲ್ಲಂಗಡಿ ತೂಗುವವರ ಹಾಗೆ ತೂಗಿದರು.

"ಇದೇನಿದು, ಕೈಯಾ, ಕಡ್ಡಿನಾ? ಬೆಳಿಗ್ಗೆಯಿಂದ ಏನು ತಿಂದೆ?"

ಮೋಲ್ದಿರ್ ಯೋಚಿಸಿದಳು. ಅಷ್ಟು ಅಡುಗೆಮನೆ ಹೊಕ್ಕಿದ್ದಳು, ಅಷ್ಟು ಪಾತ್ರೆ ಮೂಸಿದ್ದಳು. ಆದರೆ ತಿಂದದ್ದು?

ಅತ್ತೆ ತೋಳೇರಿಸಿ, ಒಂದಿಡೀ ಮಾಂತಿಯನ್ನು ಕೈಯಲ್ಲೇ ಎತ್ತಿ ಅವಳ ಬಾಯಿಯ ಹತ್ತಿರ ತಂದರು. ಹಿರಿಯರು ಕೈತುತ್ತು ಎತ್ತಿದರೆ ಬೇಡ ಎನ್ನುವಂತಿಲ್ಲ.

"ಅತ್ತೆ, ಅದು ಬಿಸಿ... ಕೈ ತೊಳ್ಕೊಂ..."

ಮಾಂತಿ ಒಳಗೆ ಹೋಯಿತು. ಹಿಂದೆಯೇ ಇನ್ನೊಂದು. ಎತ್ತರದ ಕುರ್ಚಿಯಿಂದ ಎರಾಸಿಲ್ "ವ್ರೂಂ" ಎಂದು ತಾಯಿಯನ್ನು ಹುರಿದುಂಬಿಸಿದ.

"ದೌರೆನ್, ಗುರುವಾರದ ಟಿಕೆಟಲ್ಲಿ ಹೆಸರು ಬದಲಾಯಿಸು," ಎಂದರು ಅತ್ತೆ, ಮೂರನೆಯದನ್ನು ಎತ್ತುತ್ತಾ. "ಮಗುನ ನೀನು ನೋಡ್ಕೋ. ಇವಳನ್ನ ಕರ್ಕೊಂಡು ಹೋಗ್ತೀನಿ. ವಸಂತದ ಹೊತ್ತಿಗೆ ಕುದುರೆ ಮಾಡಿ ಕಳಿಸ್ತೀನಿ!"

ಆಗಲ್ಲ ಎನ್ನಲು ಮೋಲ್ದಿರ್‌ಗೆ ಹತ್ತಾರು ಕಾರಣಗಳಿದ್ದವು. ಹೇಳೋಣವೆಂದರೆ ಬಾಯಿ ಖಾಲಿ ಇರಲಿಲ್ಲ.