ಮುಳುಗುವವನ ಪಾತ್ರದಲ್ಲಿ ನಾನು

ಹೋದ ಬೇಸಿಗೆಯಲ್ಲಿ ನಮ್ಮ ಎಂಟು ವರ್ಷದ ಮಗಳು ಸೀನಿ, ದೋಣಿಕಟ್ಟೆಯಿಂದ ಜಾರಿ ಬಿದ್ದ ಗೆಳತಿಯನ್ನು ಕಾಪಾಡುತ್ತೇನೆಂದು ತಾನೂ ಸರೋವರಕ್ಕೆ ಹಾರಿಬಿಟ್ಟಳು. ಪುಣ್ಯಕ್ಕೆ ಅಲ್ಲೇ ಮೀನು ಹಿಡಿಯುತ್ತಿದ್ದ ಮುದುಕರೊಬ್ಬರು ಇಬ್ಬರನ್ನೂ ದಡಕ್ಕೆ ಎಳೆದು ಹಾಕಿದರು. ಅವತ್ತೇ ನಾನು ಭೀಷ್ಮಪ್ರತಿಜ್ಞೆ ಮಾಡಿದೆ: ಏನೇ ಆಗಲಿ, ಮಗಳಿಗೆ ಜೀವರಕ್ಷಣೆಯ ವಿದ್ಯೆ ಕಲಿಸಿಯೇ ಸೈ! (ನನಗೇ ಈಜು ಬರುವುದಿಲ್ಲ. ಒಂಟಾರಿಯೋದಲ್ಲಿ, ಸರೋವರದ ದಡದಲ್ಲೇ ಹುಟ್ಟಿ ಬೆಳೆದವನು ಇದನ್ನು ಊರಿಗೆಲ್ಲ ಸಾರುವುದುಂಟೆ?)

ನಮ್ಮೂರ ಈಜುಕೊಳದಲ್ಲಿ ಡಾಟಿ ಟೀಚರ್ ಈ ವಿದ್ಯೆಯನ್ನು ಆಟವಾಗಿಯೇ ಕಲಿಸುತ್ತಾರೆ. ಮಕ್ಕಳು ಕೊಳದಂಚಿನಲ್ಲಿ ಬೋರಲು ಮಲಗಿ ಕೋಲು ಚಾಚಬೇಕು. ಅದು ನಿಲುಕದಿದ್ದರೆ ಹಗ್ಗ ಕಟ್ಟಿದ, ನೀರಲ್ಲಿ ತೇಲುವ ಖಾಲಿ ಹಾಲಿನ ಕ್ಯಾನು ಎಸೆಯಬೇಕು. ನೀರಿಗೆ ಮಾತ್ರ ಇಳಿಯಕೂಡದು, ಇಳಿದವರು ಔಟ್!

ಒಂದು ಶನಿವಾರ ಟೀಚರ್ ಕೇಳಿದರು, "ಮುಳುಗೋರ ಪಾರ್ಟ್ ಮಾಡೋಕೆ ಅಪ್ಪಂದಿರು ಯಾರಾದ್ರೂ ಬರ್ತೀರಾ?"

ನಾನು ಎದ್ದೆ. ಹೆಂಡತಿ ಇಲ್ಮಾ ತೋಳು ಹಿಡಿದು ಜಗ್ಗಿದಳು.

"ರೀ, ಸ್ನಾನದ ತೊಟ್ಟೀಲೇ ನಿಮಗೆ ಕಾಲು ನಡುಗುತ್ತೆ!"

"ಎದೆಮಟ್ಟದ ನೀರು ಕಣೇ. ಅಲ್ಲದೆ, ಮುಳುಗೋದಕ್ಕೆ ಈಜು ಯಾಕೆ ಬರಬೇಕು?"

ತೋಳು ಬಿಡಿಸಿಕೊಂಡು ಕೊಳಕ್ಕಿಳಿದೆ.

"ಅಯ್ಯೋ, ಸತ್ತೆ! ಕಾಪಾಡ್ರಪ್ಪೋ!" ಎಂದು ನೀರು ಬಡಿದೆ. ಮಕ್ಕಳು ಕೇಕೆ ಹಾಕಿದರು, ತಾಯಂದಿರು ಚಪ್ಪಾಳೆ ತಟ್ಟಿದರು. ಚಪ್ಪಾಳೆ ಬಿದ್ದಮೇಲೆ ಕಲಾವಿದನನ್ನು ಹಿಡಿಯುವವರುಂಟೆ? ಹಿಂದಕ್ಕೆ ಎರಡು ಹೆಜ್ಜೆ ಇಟ್ಟೆ. ಮೂರನೆಯದಕ್ಕೆ ನೆಲವಿರಲಿಲ್ಲ.

ಕೂಗಲು ಬಾಯಿ ತೆರೆದರೆ ನೀರು ಒಳಗೆ ಬಂತೇ ಹೊರತು ಮಾತು ಹೊರಗೆ ಬರಲಿಲ್ಲ. ದಡದಿಂದ "ಆಹಾ, ಎಂಥ ಆಕ್ಟಿಂಗು!" ಎಂಬ ಉದ್ಗಾರ ಕೇಳಿಸಿತು. ಹೊಗಳಿಸಿಕೊಳ್ಳುತ್ತಲೇ ಸಾಯುತ್ತೇನೆಂದುಕೊಂಡೆ.

"ಟೀಚರ್, ಅಪ್ಪ ಮಾತೇ ಆಡ್ತಿಲ್ಲ! ಇದು ಆಟ ಅಲ್ಲ!" ಸೀನಿ ಚೀರಿದಳು. ನಿಜವಾಗಿ ಮುಳುಗುವವರಿಗೆ ಕೂಗಲು ಉಸಿರಿರುವುದಿಲ್ಲವೆಂದು ಹಿಂದಿನ ವಾರವಷ್ಟೇ ಕಲಿತಿದ್ದಳಂತೆ.

ಟೀಚರ್ ಧಾವಿಸಿ ಬರುವಷ್ಟರಲ್ಲಿ ಅವಳೆಸೆದ ಕ್ಯಾನು ನನ್ನ ಮೂಗಿಗೇ ಬಂದು ಬಡಿಯಿತು.

"ಅಪ್ಪಾ, ಅದನ್ನ ಎದೆಗೆ ಅವುಚ್ಕೋ! ಕಾಲು ಬಡಿ! ಇನ್ನೂ ಜೋರಾಗಿ!"

ಹುಡುಗಿ ಬೋರಲು ಮಲಗಿ ಹಗ್ಗ ಎಳೆಯುತ್ತಿದ್ದಳು; ಅವಳು ಜಾರದಂತೆ ಇಬ್ಬರು ಗೆಳತಿಯರು ಅವಳ ಕಾಲು ಹಿಡಿದಿದ್ದರು. ಈ ಸಲ ನೀರಿಗೆ ಹಾರಲಿಲ್ಲ. ಅದನ್ನು ಕಂಡು ನನ್ನ ಕಣ್ಣು ತುಂಬಿಬಂತು. (ಕೊಳದ ನೀರಿನ ಔಷಧಿ ಎಂದು ಎಲ್ಲರಿಗೂ ಹೇಳಿದೆ.)

ದಡ ಸೇರಿದ ಮೇಲೆ ಇಲ್ಮಾ ಟವೆಲ್ ಹೊದಿಸಿದಳು. "ಮದುವೆ ಆದಮೇಲೆ ನೀವು ಬಾಯಿ ಮುಚ್ಚಿದ್ದು ಇದೇ ಮೊದಲು. ಆಗಲೇ ನನಗೆ ಗೊತ್ತಾಗಬೇಕಿತ್ತು," ಎಂದು ಅತ್ತಳು, ನಕ್ಕಳು, ನೇರ ಆಫೀಸಿಗೆ ಹೋಗಿ ಈಜು ಕಲಿಯಲು ನನ್ನ ಹೆಸರು ಬರೆಸಿ ಬಂದಳು.

ದೊಡ್ಡವರ ತರಗತಿ ಭರ್ತಿಯಾಗಿತ್ತಂತೆ. ಹಾಗಾಗಿ ಸೋಮವಾರ, ಮೊಣಕಾಲುದ್ದದ ನೀರಿನಲ್ಲಿ, ನಾಲ್ಕು ವರ್ಷದವರ ಸಾಲಿನ ಕೊನೆಯಲ್ಲಿ ನಿಂತೆ. ಮುಖ ಮುಳುಗಿಸಿ ಗುಳ್ಳೆ ಊದಬೇಕು. ಎಲ್ಲರೂ ಊದಿದರು. ನಾನು ಮೂಗು ಹಿಡಿದುಕೊಂಡು ನಿಂತೇ ಇದ್ದೆ.

ಪಕ್ಕದ ಪುಟ್ಟಿ ನನ್ನ ಕೈ ತಟ್ಟಿದಳು. "ಹೆದರ್ಬೇಡಿ ತಾತಾ," ಎಂದಳು. (ನನಗಿನ್ನೂ ನಲವತ್ತೊಂದು!) "ಮೊದಲನೇ ದಿನ ನಾನೂ ಅತ್ತಿದ್ದೆ."